‘ಪ್ರೇಮಲೋಕ’ವೂ ಅದರ ಸಾಮಾಜಿಕರೂ

೧

ವಿದ್ವತ್ಪತ್ರಿಕೆಗಳಲ್ಲಿ ಚಲಚ್ಚಿತ್ರಗಳ ವಿಚಾರವು ಬರುವುದು ಅಪೂರ್ವ. ಬಂದರೂ ಅದು ಪ್ರಶಸ್ತಿಗಳನ್ನು ಪಡೆದ, ಇಲ್ಲವೆ ಪ್ರಸಿದ್ಧ ಕಾದಂಬರಿಗಳನ್ನು ಆಶ್ರಯಿಸಿದ ಚಿತ್ರಗಳಿಗೇ ಸಾಮಾನ್ಯವಾಗಿ ಪರಿಮಿತವಾಗಿರುವುದು. ಜನರು ಬಾಯಿಪಾಠವಾಗಿ ಹಾಡುವ ಹಾಡುಗಳುಳ್ಳ, ಆದರೆ ಸಾಹಿತ್ಯಾಧ್ಯಾಪಕರು ಹೆಸರೆತ್ತಲು ಸಂಕೋಚಪಡುವ ಚಿತ್ರಗಳು ನಮ್ಮ ವಿಮರ್ಶೆಯ ಹೊರಬಾಗಿಲಿನಲ್ಲಿಯೇ ನಿಂತಿವೆ. ಅಂಥವುಗಳಲ್ಲಿ ೧೯೮೭ರಲ್ಲಿ ತೆರೆಕಂಡ ‘ಪ್ರೇಮಲೋಕ’ವೆಂಬ ಕನ್ನಡ ಚಿತ್ರವು ಮುಖ್ಯವಾದುದು. ಜನರಿಂದ ಅದಕ್ಕೆ ದೊರೆತ ಆದರವು ಅಲ್ಪವಲ್ಲ. ಪಂಡಿತವರ್ಗದಿಂದ ದೊರೆತುದು ಬಹುಮಟ್ಟಿಗೆ ಮೌನವೇ. ಈಚೆಗೆ ಅಜ್ಜಂಪುರದಲ್ಲಿ ಈ ಚಿತ್ರವನ್ನು ಊರವರ ನಡುವೆ ಕುಳಿತು ನೋಡುವ ಸಂದರ್ಭವು ನನಗೆ ಒದಗಿತು. ಅದರಿಂದ ನನ್ನ ಪೂರ್ವಾಭಿಪ್ರಾಯವು ಯಾವ ಅಂಶದಲ್ಲಿ ಬದಲಾಯಿತು, ಯಾವ ಅಂಶದಲ್ಲಿ ಬದಲಾಗಲಿಲ್ಲ ಎಂಬುದನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಶೀರ್ಷಿಕೆಯಲ್ಲಿ ಬಂದಿರುವ ‘ಸಾಮಾಜಿಕ’ ಶಬ್ದವನ್ನು ನಾಟ್ಯಶಾಸ್ತ್ರಜ್ಞರು ಬಳಸುವ ಅರ್ಥದಲ್ಲಿ, ಎಂದರೆ ಸಮಾಜದಲ್ಲಿ ಕುಳಿತು ನೋಡುವ ಪ್ರೇಕ್ಷಕನೆಂಬ ಅರ್ಥದಲ್ಲಿ, ಗ್ರಹಿಸಬೇಕು. ಏಕಾಂತದಲ್ಲಿ ನೋಡುವವನನ್ನು ಪ್ರೇಕ್ಷಕನೆನ್ನಬಹುದು, ಸಾಮಾಜಿಕನೆನ್ನಲಾಗದು. ಈ ಭೇದವು ಮುಂದಿನ ವಿಚಾರಕ್ಕೆ ಮೂಲವಾಗಿರುವುದು.

೨

ಅಜ್ಜಂಪುರವು ಬೀರೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ ಊರು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕು ಕೇಂದ್ರವಾಗಿದೆ. ಅಮೃತಮಹಲ್ ತಳಿಯ ರಾಸುಗಳ ಸಂವರ್ಧನಕೇಂದ್ರದಿಂದ ರೈತರಿಗೂ, ‘ಆನಂದ’ರೆಂಬ ಕಾವ್ಯನಾಮದಿಂದ ಸಣ್ಣಕಥೆಗಳನ್ನು ಬರೆದ ಅಜ್ಜಂಪುರ ಸೀತಾರಾಮರಿಂದ (೧೯೦೨–೧೯೬೩) ಸಾಹಿತ್ಯಾಭ್ಯಾಸಿಗಳಿಗೂ ಈ ಊರ ಹೆಸರು ಪರಿಚಿತವಾದುದು. ಊರಿನ ಕೆಲವರು ಅಧ್ಯಾಪಕರೂ ತರುಣರೂ ಸೇರಿ, ಒಂದು ಶಾಲೆಯ ಅಂಗಳದಲ್ಲಿ ಬಿಳಿಯ ಬಟ್ಟೆಯನ್ನು ಕಟ್ಟಿ, ಸಂಜೆ ಕತ್ತಲಾದ ಮೇಲೆ ಚಿತ್ರವನ್ನು ತೋರಿಸುವ ಏರ್ಪಾಡನ್ನು ಮಾಡಿದ್ದರು. ನಾನು ಬೇರೊಂದು ಕಾರ್ಯನಿಮಿತ್ತವಾಗಿ ಆ ಊರಿಗೆ ಹೋಗಿದ್ದವನು, ಆತಿಥೇಯರ ಬಲವಂತಕ್ಕೆ ಕಟ್ಟುಬಿದ್ದು ಅಲ್ಲಿಗೆ ಹೋದೆನು.

ಬಲವಂತವೆಂದುದಕ್ಕೆ ಕಾರಣವನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ೧೯೮೭ರಲ್ಲಿ ನಾನು ಹದಿನೇಳು ವರ್ಷದ ಪಾಠಶಾಲಾವಿದ್ಯಾರ್ಥಿ. ಬೆಳಗ್ಗೆ ಕುಮಾರಸಂಭವದ ಪಾಠ, ಮಧ್ಯಾಹ್ನ ವ್ಯಾಕರಣ, ಸಂಜೆ ಅಮರಕೋಶದ ಆವೃತ್ತಿ. ಚಲಚ್ಚಿತ್ರವು ನಿಷಿದ್ಧವಾಗಿತ್ತು. ಪಾಠಶಾಲೆಯ ಎದುರು ಬೀದಿಯಲ್ಲಿ ಧ್ವನಿಸುರುಳಿಗಳನ್ನು ಮಾರುವ ಒಂದು ಅಂಗಡಿಯಿತ್ತು. ಅಲ್ಲಿಂದ ಹಗಲೆಲ್ಲ ಈ ಚಿತ್ರದ ಹಾಡುಗಳು ಕೇಳಿಬರುತ್ತಿದ್ದುವು. ಪಾರ್ವತಿಯ ನವಯೌವನವನ್ನು ವರ್ಣಿಸುವ ಶ್ಲೋಕಗಳಿಗೆ ಅನ್ವಯ, ಪ್ರತಿಪದಾರ್ಥ, ಸಮಾಸಗಳನ್ನು ನಾವು ಗಟ್ಟಿಯಾಗಿ ಒಪ್ಪಿಸುತ್ತಿರುವಾಗಲೇ, ಅದೇ ವಸ್ತುವನ್ನು ನಮ್ಮ ವಯಸ್ಸಿನವರ ಮಾತಿನಲ್ಲಿ ಹೇಳುವ ಹಾಡು ಕಿಟಕಿಯಿಂದ ಒಳಕ್ಕೆ ಬರುತ್ತಿತ್ತು; ಕಿಟಕಿಯನ್ನು ಮುಚ್ಚಿಸಲಾಗುತ್ತಿತ್ತು. ನಾನು ಚಿತ್ರವನ್ನು ನೋಡಲಿಲ್ಲ. ನೋಡದೆಯೇ ಅದು ಹೀನವೆಂಬ ನಿರ್ಣಯವನ್ನು ಸುಮಾರು ನಾಲ್ಕು ದಶಕಗಳ ಕಾಲ ಇಟ್ಟುಕೊಂಡಿದ್ದೆನು. ಅಧ್ಯಾಪಕನಾದ ಮೇಲೆ ಅದನ್ನು ಶಿಷ್ಯರಿಗೂ ಹೇಳಿದ್ದುಂಟು. ಪರೀಕ್ಷಿಸದೆ ಕೊಟ್ಟ ತೀರ್ಪು ಪ್ರಮಾಣವಲ್ಲವೆಂದು ನ್ಯಾಯಶಾಸ್ತ್ರವನ್ನು ಓದಿದವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

೩

ಚಿತ್ರದ ಸ್ವರೂಪವನ್ನು ಸಂಗ್ರಹವಾಗಿ ಹೇಳುವೆನು. ಕಥೆಯನ್ನು ರೂಪಿಸಿ ನಿರ್ದೇಶಿಸಿದವರೂ ನಾಯಕನಾಗಿ ಅಭಿನಯಿಸಿದವರೂ ವಿ. ರವಿಚಂದ್ರನ್, ಅವರು ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರವಿದು. ನಿರ್ಮಾಪಕರು ಅವರ ತಂದೆ ಎನ್. ವೀರಾಸ್ವಾಮಿ. ನಾಯಿಕೆಯ ಪಾತ್ರವನ್ನು ವಹಿಸಿದವರು ಆಗ ಅಷ್ಟಾಗಿ ಪರಿಚಿತರಲ್ಲದಿದ್ದ ಜೂಹಿ ಚಾವ್ಲಾ. ಗೀತಗಳನ್ನು ಬರೆದವರೂ ಅವುಗಳಿಗೆ ಸಂಗೀತವನ್ನು ಕಟ್ಟಿದವರೂ ಹಂಸಲೇಖ. ಅವರಿಗೆ ನಾಡಿನಲ್ಲೆಲ್ಲ ಹೆಸರನ್ನು ತಂದುದು ಈ ಚಿತ್ರವೇ. ಅದೇ ವರ್ಷ ಇದು ‘ಪರುವ ರಾಗಂ’ ಎಂಬ ಹೆಸರಿನಲ್ಲಿ ತಮಿಳಿನಲ್ಲಿಯೂ ಬಂದಿತು. ವಸ್ತುವಾದರೋ ಸರಳವಾದುದು. ಕಾಲೇಜಿಗೆ ಬಂದ ಒಬ್ಬ ತರುಣನು ಸಹಪಾಠಿನಿಯೊಬ್ಬಳಲ್ಲಿ ಅನುರಕ್ತನಾಗುವನು. ಅವಳ ಮನಸ್ಸಿನಲ್ಲಿರುವ ಚಿತ್ರವು ಬೇರೆ; ಅದು ಮೋಟಾರ್ ಸೈಕಲ್ಲನ್ನೇರಿ ಬರುವ ಒಬ್ಬ ವೀರನದು. ತರುಣನು ಆ ವೀರನ ವೇಷವನ್ನು ತಾಳಿ ಅವಳ ಮುಂದೆ ಕಾಣಿಸಿಕೊಳ್ಳುವನು. ಇಬ್ಬರೂ ಹರೆಯವನ್ನು ದಾಟಿ ಪ್ರೌಢರಾಗುವ ಹೊತ್ತಿನ ತಳಮಳವೇ ಇಲ್ಲಿ ಕಥೆ. ಆ ತಳಮಳವನ್ನು ಬಹುಪಾಲು ಹೇಳುವುದು ಹಾಡು.

ಇದರ ಮೇಲೆ ವಿದ್ವಾಂಸರ ಗೋಷ್ಠಿಗಳಲ್ಲಿ ನಾನು ಕೇಳಿರುವ, ನಾನೇ ಹೇಳಿರುವ, ಆಕ್ಷೇಪಣೆಗಳು ನಾಲ್ಕು. ಒಂದು, ಕಥೆಯು ಎರವಲಾದುದು. ಎರಡು, ಹಾಡುಗಳು ಅತಿಯಾಗಿದ್ದು ಕಥಾಶರೀರವು ಕೃಶವಾಗಿದೆ. ಮೂರು, ಹಾಡುಗಳ ಭಾಷೆಯು ಗ್ರಾಮ್ಯವಾದುದು. ನಾಲ್ಕು, ಇದು ತರುಣರಿಗೆ ದುರ್ಬೋಧನೆಯನ್ನು ಮಾಡುವುದು. ಈ ಪೂರ್ವಪಕ್ಷಗಳನ್ನು ಕ್ರಮವಾಗಿ ಪರಿಶೀಲಿಸಬಹುದಾಗಿದೆ.

೪

ಮೊದಲನೆಯದು ಎರವಲಿನ ವಿಚಾರ. ೧೯೮೨ರಲ್ಲಿ ಪೆಟ್ರೀಷಿಯಾ ಬರ್ಚ್ ಎಂಬವರು ಅಮೆರಿಕದಲ್ಲಿ ನಿರ್ದೇಶಿಸಿದ ‘ಗ್ರೀಸ್ ೨’ ಎಂಬ ಸಂಗೀತಚಿತ್ರದ ಛಾಯೆಯು ‘ಪ್ರೇಮಲೋಕ’ದ ಮೇಲಿರುವುದೆಂಬ ಮಾತು ಚಿತ್ರಜ್ಞರಲ್ಲಿ ಪ್ರಸಿದ್ಧವಾಗಿದೆ. ಆ ಚಿತ್ರದಲ್ಲಿಯೂ ಹೊಸದಾಗಿ ಶಾಲೆಗೆ ಬಂದ ವಿನೀತನಾದ ತರುಣನು, ಮೋಟಾರ್ ಸೈಕಲ್ ಸವಾರನನ್ನೇ ಬಯಸುವ ಹುಡುಗಿಗಾಗಿ, ಇತರರಿಗೆ ಪ್ರಬಂಧಗಳನ್ನು ಬರೆದುಕೊಟ್ಟು ಹಣವನ್ನು ಕೂಡಿಸಿ, ವಾಹನವನ್ನು ಸಂಪಾದಿಸಿ, ಮುಖವನ್ನು ಮರೆಸಿಕೊಂಡು ಬರುವನು. ತನ್ನ ನಾಡಿನಲ್ಲಿ ಆ ಚಿತ್ರವು ಸೋತಿತು. ವಿಮರ್ಶಕರು ಅದನ್ನು ತೆಗಳಿದರು. ಪರದೇಶದಲ್ಲಿ ಬಾಡಿದ ಬಳ್ಳಿಯು ಕನ್ನಡನಾಡಿನಲ್ಲಿ ಚಿಗುರಿದುದಕ್ಕೆ ಮಣ್ಣಿನ ಗುಣವನ್ನೂ ಕೃಷಿಕನ ಗುಣವನ್ನೂ ವಿಚಾರಿಸಬೇಕಲ್ಲದೆ, ಬೀಜವು ಎಲ್ಲಿಯದೆಂದು ಮಾತ್ರ ಕೇಳಿ ನಿಲ್ಲಿಸುವುದು ಸಾಲದು.

ಎರವಲು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಈಗ ದೊರೆತಿರುವವುಗಳಲ್ಲಿ ಕನ್ನಡದ ಮೊದಲ ನಾಟಕವೆಂದು ನಾವು ಗೌರವದಿಂದ ಪಾಠಮಾಡುವ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’ವು ಶ್ರೀಹರ್ಷನ ‘ರತ್ನಾವಳಿ’ಯ ಕನ್ನಡರೂಪವಲ್ಲವೆ? ಚಿಕ್ಕದೇವರಾಜರ ಆಸ್ಥಾನದ ‘ಗೀತಗೋಪಾಲ’ವು ಜಯದೇವನ ದಾರಿಯಲ್ಲಿ ನಡೆದುದಲ್ಲವೆ? ಇವುಗಳಿಗೆ ಒಂದು ನ್ಯಾಯ, ೧೯೮೭ರ ಚಿತ್ರಕ್ಕೆ ಇನ್ನೊಂದು ನ್ಯಾಯ ಸಲ್ಲದು. ಮೂಲವನ್ನು ಮರೆಮಾಚದಿರುವುದು ಸಜ್ಜನಿಕೆಯೆಂಬುದು ನಿಜ. ಆದರೆ ಅದು ನೀತಿಯ ಪ್ರಶ್ನೆ. ಕೃತಿಯ ಬೆಲೆಯ ಪ್ರಶ್ನೆಯಲ್ಲ.

ಮೂಲದಲ್ಲಿಲ್ಲದ ಅರ್ಥಸಂಪತ್ತು ಕನ್ನಡ ಪ್ರೇಕ್ಷಕನಿಗೆ ಇಲ್ಲಿ ಸಹಜವಾಗಿ ಒದಗುವುದು. ಕಾಣದ ಪುರುಷನಲ್ಲಿ ಅನುರಾಗವನ್ನು ಇಟ್ಟವಳು ನಮಗೆ ಉಷೆ. ಕನಸಿನಲ್ಲಿ ಕಂಡವನು ಯಾರೆಂದು ತಿಳಿಯದೆ ಅವಳು ಕೊರಗಿದಳು; ಸಖಿ ಚಿತ್ರಲೇಖೆಯು ಒಬ್ಬೊಬ್ಬರ ಚಿತ್ರವನ್ನು ಬರೆದು ತೋರಿಸಿದಳು. ವೃತ್ತಿನಾಟಕಗಳಲ್ಲಿಯೂ ಬಯಲಾಟಗಳಲ್ಲಿಯೂ ಈ ಕಥೆಯನ್ನು ನೋಡಿದ ಜನಕ್ಕೆ, ಸಖಿಯರ ನಡುವೆ ನಿಂತು ಅವನಾರೆಂದು ಕೇಳುವ ಕಾಲೇಜಿನ ಹುಡುಗಿಯು ಹೊಸಬಳಲ್ಲ. ಪೂರ್ವರಾಗವು ದರ್ಶನದಿಂದ ಅಥವಾ ಶ್ರವಣದಿಂದ ಹುಟ್ಟುವುದೆಂದೂ, ದರ್ಶನವು ಸ್ವಪ್ನದಲ್ಲಿಯೂ ಚಿತ್ರದಲ್ಲಿಯೂ ಆಗಬಹುದೆಂದೂ ಆಲಂಕಾರಿಕರು ಹೇಳಿರುವರು. ಅಜ್ಜಂಪುರದ ಅಂಗಳದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳು ಅಲಂಕಾರಶಾಸ್ತ್ರವನ್ನು ಓದಿದವಳಲ್ಲ. ಆದರೂ ತೆರೆಯ ಮೇಲಿನ ಹುಡುಗಿಯನ್ನು ಕಂಡು ಮೊಮ್ಮಗಳ ಕಿವಿಯಲ್ಲಿ ಉಷೆಯ ಹೆಸರನ್ನೇ ಹೇಳಿದಳು.

೫

ಎರಡನೆಯದು ಹಾಡುಗಳ ಬಾಹುಳ್ಯ. ಮಾತಿನ ನಾಟಕವೇ ಮುಖ್ಯವಾದುದು, ಹಾಡು ಅದಕ್ಕೆ ತೊಡಿಸಿದ ಒಡವೆಯೆಂಬ ಭಾವನೆಯಿಂದ ಈ ಆಕ್ಷೇಪಣೆಯು ಹುಟ್ಟುವುದು. ಆದರೆ ಆದ್ಯಂತವಾಗಿ ಹಾಡಿನಿಂದಲೇ ಕಥೆಯನ್ನು ನಡೆಸುವ ಒಂದು ಜಾತಿಯೇ ನಮ್ಮಲ್ಲಿತ್ತು. ಅಭಿನವಗುಪ್ತರು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ‘ರಾಗಕಾವ್ಯ’ಗಳೆಂಬುವನ್ನು ಹೆಸರಿಸಿ, ರಾಘವವಿಜಯ, ಮಾರೀಚವಧಗಳೆಂಬ ಎರಡನ್ನು ಉದಾಹರಿಸಿರುವರು. ಜಯದೇವನ ಗೀತಗೋವಿಂದವು ಹನ್ನೆರಡು ಸರ್ಗಗಳಲ್ಲಿ ಇಪ್ಪತ್ತನಾಲ್ಕು ಅಷ್ಟಪದಿಗಳನ್ನು ಹೊಂದಿದೆ; ಅದರಲ್ಲಿ ಕಥೆಯೆಷ್ಟು? ಮುನಿಸು, ವಿರಹ, ಸಖಿಯ ಸಂಧಾನ, ಸಮಾಗಮ, ಇಷ್ಟೇ. ಆದರೂ ಕಥೆಯು ಕೃಶವೆಂದು ಅದನ್ನು ಯಾರೂ ದೂರಲಿಲ್ಲ. ನಮ್ಮ ಯಕ್ಷಗಾನದಲ್ಲಿ ಭಾಗವತನ ಪದ್ಯವೇ ಪ್ರಸಂಗವನ್ನು ನಡೆಸುವುದು. ಅರ್ಥವು ಅದನ್ನು ಹಿಂಬಾಲಿಸುವುದು. ೧೯೩೪ರಲ್ಲಿ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರವು ವೃತ್ತಿರಂಗಭೂಮಿಯ ಮಗುವಾದುದರಿಂದ ಹಾಡನ್ನು ಹುಟ್ಟಿನಿಂದಲೇ ಪಡೆದು ಬಂದಿತು.

ಆದರೆ ಆ ಬಳಿಕದ ಚಿತ್ರಗಳಲ್ಲಿ ಸಾಮಾನ್ಯವಾಗಿ ಹಾಡು ಬಂದಾಗ ಕಥೆ ನಿಲ್ಲುತ್ತಿತ್ತು. ‘ಪ್ರೇಮಲೋಕ’ದಲ್ಲಿ ಹಾಡು ನಿಂತರೆ ಕಥೆ ನಿಲ್ಲುವುದು. ಗೇಲಿ, ಮರುಗೇಲಿ, ಪ್ರಶ್ನೆ, ಉತ್ತರ, ನಿವೇದನೆ, ನಿರಾಕರಣೆ ಇವೆಲ್ಲ ಹಾಡುಗಳ ಒಳಗೇ ನಡೆಯುವುವು. ಒಬ್ಬನು ಹಾಡಿ ಉಳಿದವರು ಕೇಳುವ ಕ್ರಮವು ಇಲ್ಲಿ ಕಡಮೆ. ಹುಡುಗರ ಗುಂಪು ಒಂದು ಕಡೆ, ಹುಡುಗಿಯರ ಗುಂಪು ಒಂದು ಕಡೆ ನಿಂತು, ಸೋಬಾನೆಯಲ್ಲಿ ಎರಡು ಬೀಗರ ಮನೆಯವರು ಹಾಡುವಂತೆ, ಒಬ್ಬರ ಪಲ್ಲವಿಯನ್ನು ಇನ್ನೊಬ್ಬರು ಕಿತ್ತುಕೊಳ್ಳುವರು. ಕಾರಣವನ್ನು ವಿಚಾರಿಸಿದರೆ ಇದು ಯುಕ್ತವೆಂದೇ ತೋರುವುದು. ಹದಿನೆಂಟು ವರ್ಷದವರಿಗೆ ಅನುರಾಗವಿರುವುದು. ಅದನ್ನು ಹೇಳುವ ಗದ್ಯವಿರುವುದಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಕಲಿಸುವುದಿಲ್ಲ, ಶಾಲೆಯಲ್ಲಿ ಕಲಿಸುವುದಿಲ್ಲ, ನಮ್ಮ ಪಾಠಶಾಲೆಗಳಲ್ಲಿ ಕಲಿಸಿದುದು ಲಕ್ಷಣ, ಲಕ್ಷ್ಯವಲ್ಲ. ಅಂಥವರು ನಾಲಿಗೆಯನ್ನು ಪಡೆಯುವುದು ಹಾಡಿನಲ್ಲಿ. ವಯಸ್ಕರ ಕಥೆಯಲ್ಲಿ ಅಸ್ವಾಭಾವಿಕವೆನಿಸುವ ಗೀತಸಂವಾದವು ತರುಣರ ಕಥೆಯಲ್ಲಿ ಸ್ವಾಭಾವಿಕವಾಗುವುದು. ಚಿತ್ರದ ರೂಪವು ಅದರ ವಸ್ತುವಿನಿಂದಲೇ ಹುಟ್ಟಿದೆಯೆಂಬುದು ನನ್ನ ಸಿದ್ಧಾಂತ.

೬

ಮೂರನೆಯದು ಭಾಷೆ. ಮಾತನ್ನೂ ಗೇಯವನ್ನೂ ಒಬ್ಬನೇ ರಚಿಸಿದರೆ ಅವನು ‘ವಾಗ್ಗೇಯಕಾರ’ನೆಂದು ಶಾರ್ಙ್ಗದೇವನ ಸಂಗೀತರತ್ನಾಕರವು ಹೇಳುವುದು, ಆ ಗ್ರಂಥದಲ್ಲಿ ಸಾಹಿತ್ಯಭಾಗಕ್ಕೆ ‘ಮಾತು’ ಎಂದೂ ಸಂಗೀತಭಾಗಕ್ಕೆ ‘ಧಾತು’ ಎಂದೂ ಪರಿಭಾಷೆ. ಆ ಪಾರಿಭಾಷಿಕ ಶಬ್ದವು ಕನ್ನಡದ ‘ಮಾತು’ ಎಂಬುದರಂತೆಯೇ ಕೇಳಿಸುವುದು ಆಕಸ್ಮಿಕವಿರಬಹುದು. ಆದರೆ ಹಂಸಲೇಖರ ರಚನೆಗಳಿಗೆ ಅದು ಚೆನ್ನಾಗಿ ಒಪ್ಪುವುದು. ಬೀದಿಯಲ್ಲಿ ಆಡುವ ಮಾತಿನ ಏರಿಳಿತವೇ ಅಲ್ಲಿ ಧಾತುವಾಗಿದೆ. ಸ್ವರಕ್ಕೆ ಅಕ್ಷರವನ್ನು ಜೋಡಿಸಿದ ಕ್ಲೇಶವು ಕಾಣುವುದಿಲ್ಲ. ಅಮ್ಮಾ, ಅಕ್ಕಾ, ನೋಡು, ಕೇಳು, ಯಾರು ಎಂಬ ಸಂಬೋಧನೆ, ಪ್ರಶ್ನೆಗಳೇ ಪಲ್ಲವಿಗಳಾಗುವುವು. ಮಾತನ್ನೂ ಗೇಯವನ್ನೂ ಬೇರೆಬೇರೆಯವರು ರಚಿಸಿದ್ದರೆ ಇಷ್ಟು ಏಕೀಭಾವವು ದುರ್ಲಭವಾಗುತ್ತಿತ್ತೆಂದು ತೋರುವುದು.

ಹುಡುಗಿಯನ್ನು ನಿಂಬೆಯ ಹಣ್ಣಿಗೆ ಹೋಲಿಸುವ ಪ್ರಸಿದ್ಧವಾದ ಹಾಡು ಈ ಚಿತ್ರದಲ್ಲಿ ಉಂಟು. ಈ ಉಪಮೆಯನ್ನು ಗ್ರಾಮ್ಯವೆಂದು ನಾನು ಹಿಂದೆ ತರಗತಿಯಲ್ಲಿ ಹಾಸ್ಯಮಾಡಿದ್ದುಂಟು. ಈಗ ಯೋಚಿಸಿದರೆ ಆ ಹಾಸ್ಯವು ನನ್ನ ಮೇಲೆಯೇ ತಿರುಗುವುದು. ಕವಿಗಳು ನಾಯಿಕೆಯ ತುಟಿಗೆ ಬಿಂಬಫಲವನ್ನು ಹೇಳುವರು. ಬಿಂಬವೆಂದರೆ ಯಾವುದು? ನಮ್ಮ ಬೇಲಿಯ ಮೇಲೆ ಹಬ್ಬುವ ತೊಂಡೆಯ ಹಣ್ಣೇ ಅಲ್ಲವೆ? ಸಾವಿರ ವರ್ಷ ಮಹಾಕವಿಗಳ ಬಾಯಲ್ಲಿ ಸುಳಿದುದರಿಂದ ಬೇಲಿಯ ಹಣ್ಣು ಕವಿಸಮಯವಾಯಿತು. ಸಂತೆಯ ಹಣ್ಣು ಇನ್ನೂ ಸಂತೆಯಲ್ಲಿದೆ. ಕನ್ನಡಿಗನಿಗೆ ನಿಂಬೆಯ ಹಣ್ಣು ಬರಿಯ ಅಡಿಗೆಯ ವಸ್ತುವೂ ಅಲ್ಲ. ಹಿರಿಯರನ್ನು ಕಾಣಹೋಗುವಾಗ ಕೈಯಲ್ಲಿ ಹಿಡಿದು ಹೋಗುವ ಮಂಗಳವಸ್ತುವದು. ದೃಷ್ಟಿಯನ್ನು ನಿವಾಳಿಸುವುದೂ ಅದರಿಂದಲೇ. ಬಣ್ಣ, ಹೊಳಪು, ಘಮ, ಹುಳಿ ಇಷ್ಟೂ ಸೇರಿ ಒಲವೂ ಮುನಿಸೂ ಒಂದೇ ಸಿಪ್ಪೆಯೊಳಗಿರುವ ಹುಡುಗಿಯನ್ನು ಒಂದೇ ಮಾತಿನಲ್ಲಿ ಸೂಚಿಸುವ ಬೇರೆ ಉಪಮಾನವನ್ನು ನಾನು ಹುಡುಕಿ ಕಾಣೆನು. ಇದು ಗ್ರಾಮ್ಯವಲ್ಲ, ದೇಸಿ. ಗ್ರಾಮ್ಯವು ದೋಷ, ದೇಸಿಯು ಪಂಪನ ಕಾಲದಿಂದ ನಾವು ಮಾರ್ಗದೊಡನೆ ಸಮನಾಗಿ ಎಣಿಸಿದ ಗುಣ.

೭

ನಾಲ್ಕನೆಯದು ನೀತಿಯ ವಿಚಾರ. ಇಲ್ಲಿ ನಾನು ಚಿತ್ರದ ಪಕ್ಷವನ್ನು ಪೂರ್ತಿಯಾಗಿ ವಹಿಸಲಾರೆನು.

ಕುಮಾರಸಂಭವದ ಐದನೆಯ ಸರ್ಗದಲ್ಲಿ ಶಿವನು ವಟುವೇಷದಿಂದ ಬರುವನು. ‘ಪ್ರೇಮಲೋಕ’ದ ನಾಯಕನು ಸವಾರನ ವೇಷದಿಂದ ಬರುವನು. ಎರಡರಲ್ಲಿಯೂ ಬಂದವನಾರೆಂದು ನೋಡುವವರಿಗೆ ಗೊತ್ತು, ನಾಯಿಕೆಗೆ ಗೊತ್ತಿಲ್ಲ. ಆದರೆ ಶಿವನ ವೇಷವು ಪರೀಕ್ಷೆಗಾಗಿ. ಅವನು ತನ್ನನ್ನೇ ನಿಂದಿಸುವನು. ಪಾರ್ವತಿಯು ವೇಷವನ್ನು ಧಿಕ್ಕರಿಸಿ, ಕಾಣದ ಸತ್ಯವನ್ನು ಸಮರ್ಥಿಸುವಳು. ಆಗ ವೇಷವು ಕಳಚುವುದು. ಚಿತ್ರದ ನಾಯಕನ ವೇಷವು ಗೆಲುವಿಗಾಗಿ. ಅವಳು ವೇಷವನ್ನೇ ಮೆಚ್ಚುವಳು. ತರಗತಿಯಲ್ಲಿ ಎದುರಿಗಿರುವ ಸತ್ಯವನ್ನು ಕಾಣಳು. ಇನ್ನೊಂದು ಭೇದವು ಇದಕ್ಕಿಂತ ದೊಡ್ಡದು. ಕಾಳಿದಾಸನು ಮೂರನೆಯ ಸರ್ಗದಲ್ಲಿಯೇ ಮನ್ಮಥನನ್ನು ಸುಟ್ಟ ಮೇಲೆ, ಐದನೆಯದರಲ್ಲಿ ಪ್ರೇಮವನ್ನು ಬೆಳೆಸುವನು. ‘ಪ್ರೇಮಲೋಕ’ದಲ್ಲಿ ಹುಡುಗಿಯರು ಸವಾರನನ್ನು ಮನ್ಮಥನೆಂದು ಕರೆದು ಹಾಡುವರು; ಆ ಮನ್ಮಥನು ಕೊನೆಯವರೆಗೂ ಸುಡುವುದಿಲ್ಲ. ಆದುದರಿಂದ ಅದರ ಶೃಂಗಾರವು ಪೂರ್ವರಾಗದ ಎಲ್ಲೆಯನ್ನು ದಾಟಿ ಪರಿಪಾಕಕ್ಕೆ ಬರುವುದು ಅಲ್ಪವೇ. ವಿಷ್ಣುವರ್ಧನ್, ಅಂಬರೀಷ್ ಮೊದಲಾದ ಪ್ರಸಿದ್ಧ ನಟರು ಸಣ್ಣ ಪಾತ್ರಗಳಲ್ಲಿ ಬಂದುಹೋಗುವುದು ಉತ್ಸವಕ್ಕೆ ಶೋಭೆಯಾದರೂ ಪ್ರಧಾನರಸಕ್ಕೆ ಪೋಷಕವಲ್ಲ.

ಇದಕ್ಕಿಂತಲೂ ಗಂಭೀರವಾದ ದೋಷವಿದೆ. ಹುಡುಗಿಯನ್ನು ಗುಂಪುಕಟ್ಟಿ ಚುಡಾಯಿಸುವುದನ್ನು ಕೆಲವು ಹಾಡುಗಳು ವಿನೋದವೆಂಬಂತೆ ತೋರಿಸುವುವು. ತೆರೆಯ ಮೇಲೆ ಅದಕ್ಕೆ ಮರುಗೇಲಿಯುಂಟು, ಹುಡುಗಿಯರ ಗುಂಪು ಸೋಲುವುದಿಲ್ಲ, ತೂಕವು ಸಮನಾಗುವುದು. ಆದರೆ ಬಸ್ಸಿನ ನಿಲ್ದಾಣದಲ್ಲಿ ಒಂಟಿಯಾಗಿ ನಿಂತ ಹುಡುಗಿಗೆ ಸಖಿಯರ ಗುಂಪು ಇರುವುದಿಲ್ಲ, ಮರುಪಲ್ಲವಿಯನ್ನು ಬರೆದುಕೊಡುವ ಕವಿಯೂ ಇರುವುದಿಲ್ಲ. ಅಜ್ಜಂಪುರದಲ್ಲಿ ಅಂಥ ಹಾಡೊಂದು ನಡೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗರು ಕೇಕೆ ಹಾಕಿದರು. ಹುಡುಗಿಯರ ಕಡೆ ಒಂದು ಕ್ಷಣ ನಿಶ್ಶಬ್ದವಾಯಿತು. ಆ ನಿಶ್ಶಬ್ದವನ್ನು ನಾನು ಗಮನಿಸಿದೆನು. ವಿಮರ್ಶಕನು ಅದನ್ನು ದಾಖಲಿಸಲೇಬೇಕು. ಒಡನೆಯೇ ತೆರೆಯ ಮೇಲಿನ ಹುಡುಗಿಯರು ಉತ್ತರಕೊಟ್ಟರು. ಅಂಗಳದ ಹುಡುಗಿಯರು ಅವರೊಡನೆ ಸೇರಿ ಇನ್ನೂ ಗಟ್ಟಿಯಾಗಿ ಹಾಡಿದರು. ಕೇಕೆ ಹಾಕಿದವರು ನಗುತ್ತ ತಲೆ ತಗ್ಗಿಸಿದರು. ಒಂಟಿಯಾಗಿ ನೋಡುವ ಹುಡುಗನಿಗೆ ಈ ಎರಡನೆಯ ಪಾಠವು ದೊರೆಯುವುದಿಲ್ಲ. ಚಿತ್ರದ ದೋಷವನ್ನು ಸಭೆಯು ತಿದ್ದಿತೆಂದರೆ ಅತಿಶಯೋಕ್ತಿಯಲ್ಲ.

೮

ಇದರಿಂದ ಸಾಮಾಜಿಕರ ವಿಚಾರಕ್ಕೆ ಬಂದಂತಾಯಿತು. ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಅಭಿನವಗುಪ್ತರು ಎಣಿಸಿರುವರು. ಅವುಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದು. ಅದನ್ನು ನೀಗಿಸುವುದಕ್ಕಾಗಿಯೇ ಗಾನ, ವಾದ್ಯ, ಅಲಂಕೃತವಾದ ಮಂಟಪ ಮೊದಲಾದುವನ್ನು ನಾಟ್ಯದಲ್ಲಿ ಇಟ್ಟಿರುವುದೆಂದೂ, ಅವುಗಳಿಂದ ಹೃದಯವು ನಿರ್ಮಲವಾಗಿ ಸಹೃದಯನಲ್ಲದವನೂ ಸಹೃದಯನಾಗುವನೆಂದೂ ಅವರ ಅಭಿಪ್ರಾಯ. ಸಾಮಾಜಿಕರೆಲ್ಲರ ಪ್ರತೀತಿಯು ಒಂದೇ ಘನವಾದಾಗ ರಸವು ಹೆಚ್ಚಾಗಿ ಪುಷ್ಟಿಗೊಳ್ಳುವುದೆಂದೂ ಅವರು ಹೇಳಿರುವರು. ಈ ಮಾತುಗಳನ್ನು ನಾನು ಹಲವು ವರ್ಷ ಪಾಠಹೇಳಿದ್ದೇನೆ. ಅವು ಇಂಥ ಚಿತ್ರದಿಂದ ನನಗೇ ಅನ್ವಯಿಸುವುವೆಂದು ಮಾತ್ರ ಎಣಿಸಿರಲಿಲ್ಲ.

ಚಿತ್ರವು ಅರ್ಧಕ್ಕಿಂತ ಹೆಚ್ಚು ನಡೆದಿದ್ದಾಗ ವಿದ್ಯುತ್ತು ನಿಂತುಹೋಯಿತು. ಹಾಡೊಂದು ಅನುಪಲ್ಲವಿಯನ್ನು ಮುಗಿಸಿ ಪಲ್ಲವಿಗೆ ತಿರುಗುವ ಹೊತ್ತದು. ಬೆಳಕೂ ಧ್ವನಿಯೂ ಇಲ್ಲದ ಅಂಗಳದಲ್ಲಿ ಹಾಡು ನಿಲ್ಲಲಿಲ್ಲ. ಐವತ್ತು ದಾಟಿದವರು ಅದನ್ನು ಎತ್ತಿಕೊಂಡರು. ಚಿತ್ರವು ಬಂದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಕೈತಾಳ ಹಾಕಿದರು. ನಾನೂ ಹಾಡುತ್ತಿದ್ದೇನೆಂಬುದು ನನಗೆ ತಿಳಿದುದು ಸ್ವಲ್ಪ ಹೊತ್ತಾದ ಮೇಲೆ. ಚಿತ್ರವನ್ನು ಹಿಂದೆಂದೂ ನೋಡದವನಿಗೆ ಆ ಮಾತುಗಳು ಒಂದೂ ತಪ್ಪದೆ ಎಲ್ಲಿಂದ ಬಂದುವು? ಮುಚ್ಚಿದ ಕಿಟಕಿಯ ಸಂದಿನಿಂದ ಬಂದುವೆಂದೇ ಹೇಳಬೇಕು. ಅಮರಕೋಶವನ್ನು ಹೇಗೆ ಕಿವಿಯಿಂದ ಕಲಿತೆನೋ ಹಾಗೆಯೇ ಇದನ್ನೂ ಕಲಿತಿದ್ದೆನು; ಒಂದಕ್ಕೆ ವಿದ್ಯೆಯೆಂದೂ ಒಂದಕ್ಕೆ ಉಪದ್ರವವೆಂದೂ ಹೆಸರಿಟ್ಟಿದ್ದೆನು, ಅಷ್ಟೇ. ಹದಿನೇಳರ ಹುಡುಗನೊಬ್ಬನು ತನ್ನ ವಯಸ್ಸನ್ನು ತಾನು ಅಲ್ಲಗಳೆದುದು ಸುಮಾರು ನಾಲ್ಕು ದಶಕಗಳಾದ ಮೇಲೆ ಕತ್ತಲೆಯಲ್ಲಿ ಅವನಿಗೆ ಅರಿವಾಯಿತು. ವಿದ್ಯುತ್ತು ಬಂದಾಗ ತೆರೆಯ ಮೇಲಿನ ಹಾಡು ನಾವು ಬಿಟ್ಟಲ್ಲಿಂದ ಮೊದಲಾಯಿತು. ನಾವು ಅದಾಗಲೇ ಅದನ್ನು ಮುಗಿಸಿದ್ದೆವು.

ಈ ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಧರಿಸಿದ್ದ ‘ಆನಂದ’ರ ‘ನಾನು ಕೊಂದ ಹುಡುಗಿ’ ಎಂಬ ಕಥೆಯನ್ನು ನಮ್ಮ ಅಧ್ಯಾಪಕರಲ್ಲಿ ಓದದವರಿಲ್ಲ. ಅಲ್ಲಿ ವಿದ್ಯಾವಂತನೊಬ್ಬನು, ದೇವರಿಗೆ ಬಿಟ್ಟ ಹುಡುಗಿಯೊಬ್ಬಳಿಗೆ ನೀತಿಯನ್ನು ಬೋಧಿಸುವನು. ಅವನ ಮಾತಿನಲ್ಲಿ ತಪ್ಪಿಲ್ಲ; ಆದರೆ ಅವಳು ಬದುಕುತ್ತಿದ್ದ ಲೋಕವನ್ನು ತಿಳಿಯದೆ ಆಡಿದ ಮಾತದು. ಹುಡುಗಿಯು ಬಾವಿಯಲ್ಲಿ ಬಿದ್ದು ಸಾಯುವಳು. ಆ ದುರಂತವನ್ನು ಒಂದು ವಿನೋದಚಿತ್ರದ ವಿಚಾರಕ್ಕೆ ಸಮನಾಗಿ ಎಳೆದು ತರುವುದು ಯುಕ್ತವಲ್ಲವೆಂಬುದನ್ನು ಬಲ್ಲೆನು. ಆದರೂ ಆ ಅಂಗಳದಿಂದ ಹಿಂದಿರುಗುವಾಗ ನನಗೆ ನೆನಪಾದುದು ಆ ಕಥೆಯೇ. ತರುಣರ ಅನುರಾಗಕ್ಕೆ ನಾವು ಲಕ್ಷಣಗ್ರಂಥದಿಂದ ತೀರ್ಪುಗಳನ್ನು ಕೊಡುತ್ತ ಬಂದೆವು; ಅವರ ಲಕ್ಷ್ಯವನ್ನು ಕೇಳಲಿಲ್ಲ. ಕೇಳದ ಬೋಧನೆಯಿಂದ ಜೀವವು ಹೋಗದಿದ್ದರೂ ಕಿವಿಗಳು ಮುಚ್ಚಿಹೋಗುವುವು. ಬೋಧಕನ ಕಿವಿಯೇ ಮೊದಲು ಮುಚ್ಚುವುದು.

ಸಂಗ್ರಹವಾಗಿ ಹೇಳುವುದಾದರೆ: ‘ಪ್ರೇಮಲೋಕ’ವು ಮಹಾಕೃತಿಯಲ್ಲ. ಅದರ ಶೃಂಗಾರವು ಪಕ್ವವಲ್ಲ; ಚುಡಾಯಿಸುವಿಕೆಯನ್ನು ವಿನೋದವಾಗಿಸಿದ ದೋಷವು ಕ್ಷಮ್ಯವೂ ಅಲ್ಲ. ಆದರೆ ಮಾತಿಲ್ಲದ ವಯಸ್ಸಿಗೆ ಹಾಡನ್ನೇ ಮಾತನ್ನಾಗಿ ಕೊಟ್ಟ ಗೇಯಪ್ರಬಂಧವಾಗಿ ಅದು ನಮ್ಮ ರಾಗಕಾವ್ಯಪರಂಪರೆಯ ಕೊನೆಯ ಸಾಲಿನಲ್ಲಿಯಾದರೂ ಕುಳಿತುಕೊಳ್ಳಲು ಅರ್ಹವಾದುದು. ಅದರ ಗುಣವು ಸಭೆಯಲ್ಲಿ ಕಾಣುವಷ್ಟು ಏಕಾಂತದಲ್ಲಿ ಕಾಣದು. ಅದರ ದೋಷವೂ ಸಭೆಯಲ್ಲಿ ಮಾತ್ರ ತಿದ್ದಲ್ಪಡುವುದು. ಇಂದು ಪ್ರತಿಯೊಬ್ಬನೂ ಅಂಗೈಯಲ್ಲಿನ ಯಂತ್ರದಲ್ಲಿ ತನಗೆ ಬೇಕಾದುದನ್ನು ತಾನೊಬ್ಬನೇ ನೋಡುತ್ತಿರುವಾಗ, ಅಜ್ಜಂಪುರದವರು ಶಾಲೆಯ ಅಂಗಳದಲ್ಲಿ ಬಟ್ಟೆಯನ್ನು ಕಟ್ಟಿದುದು ಮೆಚ್ಚತಕ್ಕ ಕೆಲಸವು. ಕಾವ್ಯಶಾಸ್ತ್ರವನ್ನು ಪಾಠಹೇಳುವ ಮಿತ್ರರು ವರ್ಷಕ್ಕೊಮ್ಮೆಯಾದರೂ ತಮ್ಮ ವಿದ್ಯಾರ್ಥಿಗಳೊಡನೆಯೂ ಅವರ ಮನೆಯವರೊಡನೆಯೂ ಕುಳಿತು ಇಂಥದೊಂದು ಚಿತ್ರವನ್ನು ನೋಡಿ, ಆ ಮೇಲೆ ತರಗತಿಯಲ್ಲಿ ರಸವಿಘ್ನಗಳ ಪ್ರಕರಣವನ್ನು ತೆರೆಯಬೇಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುವೆನು.